ಲೆನ್ಸು ಒಡೆದ ಹುಡುಗಿಯ ಬಾಕಿ

ಜೂನ್ 12

ಚೂಟಿ,

ನಿನ್ನ ಬಿಳಿ ಕೋಟು ಒಗೆದು, ಇಸ್ತ್ರಿ ಹಾಕಿ, ಬಸ್ಸಿನ ಡ್ರೈವರ್ ಮಾವನ ಕೈಯಲ್ಲಿ ಕಳಿಸಿದ್ದೇನೆ. ಇನ್ನೊಂದು ಕೋಟನ್ನು ಅವರ ಕೈಯಲ್ಲೇ ವಾಪಸ್ ಕಳಿಸು. ನಿಲ್ದಾಣದಲ್ಲಿ ಅವರನ್ನು ಕಾಯಿಸಬೇಡ. ಪುಕ್ಕಟೆ ತಂದುಕೊಡುವವರನ್ನು ಕಾಯಿಸುವುದು ಮರ್ಯಾದೆ ಅಲ್ಲ.

ಬಲಗಡೆ ಜೇಬು ಹರಿದದ್ದನ್ನು ನೀನು ಪಿನ್ನು ಚುಚ್ಚಿ ಮುಚ್ಚಿದ್ದೆ. ನೋಡಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೂತು ಹರಿದ ಚಾದರ ಹೊಲಿಯುವವಳ ಮಗಳು ನೀನು. ಜೇಬಿಗೆ ಪಿನ್ನು ಹಾಕಿಕೊಂಡು ಕಾಲೇಜಿಗೆ ಹೋದರೆ ನನ್ನ ಮಾನ ಏನಾಗಬೇಕು? ಹರಿದ ಬಟ್ಟೆ ಕೈಗೆ ಬಂದರೆ ನಾವು ದೊಡ್ಡ ತೂತನ್ನು ಮೊದಲು ನೋಡುವುದಿಲ್ಲ. ಎಲ್ಲಿ ಇನ್ನೂ ಹರಿಯುತ್ತಾ ಹೋಗುತ್ತಿದೆ ಎಂದು ನೋಡುತ್ತೇವೆ, ಅದರ ತುದಿಗೆ ಮೊದಲ ಹೊಲಿಗೆ ಹಾಕುತ್ತೇವೆ. ನಿಂತ ತೂತು ನಾಳೆಯೂ ಅಷ್ಟೇ ಇರುತ್ತದೆ, ಅದಕ್ಕೆ ಅವಸರವಿಲ್ಲ. ನೀನು ಕಣ್ಣಿಗೆ ಕಂಡ ತೂತಿಗೆ ಪಿನ್ನು ಹಾಕಿದೆ, ಹರಕು ಕೆಳಗಡೆ ಅರ್ಧ ಗೇಣು ಓಡಿತ್ತು.

ಜೇಬಿನ ಒಳಗೆ ನನ್ನ ಗುರುತು ಇದೆ, ಮೂರು ನೀಲಿ ಅಡ್ಡಹೊಲಿಗೆ. ನಮ್ಮಲ್ಲಿ ಹೊಲಿದವಳು ಗುರುತು ಹಾಕಲೇಬೇಕು, ಹೊಲಿಗೆ ಬಿಟ್ಟುಕೊಂಡರೆ ಬಟ್ಟೆ ಅವಳ ಬಳಿಗೇ ವಾಪಸ್ ಬರುತ್ತದೆ ಎಂಬುದು ನಿನಗೆ ಗೊತ್ತೇ ಇದೆ. ಹತ್ತೊಂಬತ್ತು ವರ್ಷದಲ್ಲಿ ನನಗೆ ವಾಪಸ್ ಬಂದದ್ದು ನಾಲ್ಕೇ ನಾಲ್ಕು. ಅದೂ ಗೊತ್ತಿದೆ, ಆದರೂ ಇನ್ನೊಂದು ಸಲ ಕೇಳಿಕೋ.

ಇದನ್ನೆಲ್ಲ ಹೇಳಿದ್ದು ನಿನಗೆ ಹೊಲಿಗೆ ಕಲಿಸಲು ಅಲ್ಲ. ನೀನು ಸೂಜಿ ಮುಟ್ಟಕೂಡದು ಎಂಬ ನನ್ನ ಮಾತು ಹಾಗೇ ಇದೆ. ಮುಟ್ಟುವುದಾದರೆ ರೋಗಿಯ ರಕ್ತ ತೆಗೆಯುವ ಸೂಜಿ ಮುಟ್ಟು. ಲ್ಯಾಬ್ ಟೆಕ್ನೀಷಿಯನ್ ಆಗಿ ನೀನು ಆಸ್ಪತ್ರೆಯ ಮುಂಬಾಗಿಲಿನಿಂದ ಒಳಗೆ ಬರಬೇಕು. ಹಿಂಬಾಗಿಲಿನ ಮೆಟ್ಟಿಲು ನಾನು ಸವೆಸಿದ್ದು ಸಾಕು.

ನಿನ್ನ ಫೀಸಿಗೆಂದು ಸಂಘದಲ್ಲಿ ಮಾಡಿದ ಸಾಲದ ಕಂತು ಈ ತಿಂಗಳೂ ನನ್ನ ಸಂಬಳದಲ್ಲಿ ಕಟ್ಟಿದೆ. ಮೆಸ್ಸಿನ ಎರಡು ಸಾವಿರ ಈ ಕಾಗದದ ಜೊತೆ ಇದೆ. ಕಳೆದ ಸಲ "ಕೈ ಸ್ವಲ್ಪ ಬಿಗಿ" ಎಂದು ಬರೆದಿದ್ದೆಯಲ್ಲ, ಯಾಕೆ? ಫೋನಿನಲ್ಲಿ ಹೇಳಬೇಡ. ಇಲ್ಲಿರುವುದು ಮೇಲ್ವಿಚಾರಕಿಯ ಮೇಜಿನ ಫೋನೊಂದೇ, ಆಕೆಯ ಕಿವಿಯೂ ಅಲ್ಲೇ ಇರುತ್ತದೆ. ಬರೆ.

ಅಮ್ಮ


ಜೂನ್ 30

ಅಮ್ಮ,

ಕೋಟು ಸಿಕ್ಕಿತು. ಜೇಬು ಹೊಸದರಂತಿದೆ. ಮಾವನನ್ನು ಕಾಯಿಸಲಿಲ್ಲ, ನಾನೇ ಮುಕ್ಕಾಲು ಗಂಟೆ ಕಾದೆ.

ಕೈ ಬಿಗಿ ಎಂದದ್ದು ಸುಮ್ಮನೆ. ಪುಸ್ತಕದ ಜೆರಾಕ್ಸಿಗೆ ಸ್ವಲ್ಪ ಖರ್ಚಾಗಿತ್ತು. ನೀನು ಒಂದು ಮಾತು ಹಿಡಿದರೆ ಉಡದ ಹಾಗೆ ಹಿಡಿಯುತ್ತೀಯ.

ಇಲ್ಲಿ ಸುದ್ದಿ ಎಂದರೆ ಒಂದೇ. ನಮ್ಮ ತರಗತಿಯ ಒಬ್ಬಳು ಮಾರ್ಚ್ ತಿಂಗಳಲ್ಲಿ ಮೈಕ್ರೋಸ್ಕೋಪಿನ ಲೆನ್ಸು ಬಿಚ್ಚಿ ಒರೆಸುವಾಗ ಬೀಳಿಸಿ ಒಡೆದಿದ್ದಳು. ಹದಿನೈದು ಸಾವಿರ ದಂಡ. ಜೂನ್ ಒಳಗೆ ಕಟ್ಟದಿದ್ದರೆ ಲ್ಯಾಬಿಗೆ ಬರುವುದೇ ಬೇಡ ಅಂದರು. ಹೇಗೋ ಹೊಂದಿಸಿ ಕಟ್ಟಿದ್ದಾಳೆ. ಪಾಪ, ಒಳ್ಳೆಯ ಹುಡುಗಿ. ಅಂಗೈ ಬೆವರಿತ್ತು, ಅಷ್ಟೇ ಅವಳ ತಪ್ಪು.

ನನ್ನ ಓದು ಚೆನ್ನಾಗಿ ನಡೆಯುತ್ತಿದೆ.

ಚೂಟಿ


ಜುಲೈ 28

ಚೂಟಿ,

ಎರಡನೇ ಕೋಟು ಬಂತು. ನೀನು ಕಾಗದದಲ್ಲಿ ಬರೆಯದ್ದನ್ನು ಕೋಟು ಬರೆದಿದೆ.

ತೋಳಿನ ಅಂಚಿಗೆ ಪಾತ್ರೆ ತೊಳೆಯುವ ಸೋಪಿನ ವಾಸನೆ. ಓದುವ ಹುಡುಗಿ ಮೊಣಕೈ ಸವೆಸುತ್ತಾಳೆ, ನಿನ್ನದು ಮಣಿಕಟ್ಟು ನೆನೆದಿದೆ. ಎಲ್ಲಿ ಏನು ತೊಳೆಯುತ್ತಿದ್ದೀಯ?

ಇನ್ನೊಂದು. ಎದೆಯ ಎಡಗಡೆ ಪಟ್ಟಿಯಲ್ಲಿ ಸಣ್ಣ ಸಣ್ಣ ತೂತುಗಳು ಬೆರಳಿಗೆ ಸಿಕ್ಕವು. ಒಂದರ ಪಕ್ಕ ಒಂದು, ಜೋಡಿ ಜೋಡಿ. ಯಾರೋ ಏನನ್ನೋ ಕೊಟ್ಟಿದ್ದಾರೆ, ನೀನು ಅದನ್ನು ಅಲ್ಲಿ ಚುಚ್ಚಿಕೊಳ್ಳುತ್ತೀಯ, ಕೋಟು ನನಗೆ ಕಳಿಸುವ ಮುನ್ನ ತೆಗೆಯುತ್ತೀಯ. ನಾನೇನು ಹೆದರಿಸುವ ತಾಯಿಯಲ್ಲ. ಆದರೆ ಕೋರ್ಸು ಮುಗಿಯುವ ತನಕ ಹುಡುಗರು ಕೊಟ್ಟ ಬಿಲ್ಲೆ, ಹೂವು, ಏನೂ ಬೇಡ. ಹುಡುಗ ಎಲ್ಲೂ ಓಡಿಹೋಗುವುದಿಲ್ಲ. ಓಡಿಹೋದರೆ ಹೋಗಲಿ, ಅಂಥವನು ಬೇಡ.

ಆ ಲೆನ್ಸು ಒಡೆದ ಹುಡುಗಿ ಏನಾದಳು? ದುಡ್ಡು ಎಲ್ಲಿಂದ ಹೊಂದಿಸಿದಳು? ಸುಮ್ಮನೆ ಕೇಳಿದೆ.

ಅಮ್ಮ


ಆಗಸ್ಟ್ 20

ಅಮ್ಮ,

ಎದೆಯ ಮೇಲಿನ ತೂತು ಕಾಲೇಜಿನ ಬ್ಯಾಡ್ಜಿನದು. ಹುಡುಗ ಗಿಡುಗ ಯಾರೂ ಇಲ್ಲ. ಸೋಪಿನ ವಾಸನೆ ಲ್ಯಾಬಿನದು. ಗಾಜಿನ ಕೊಳವೆ ತೊಳೆದುಕೊಟ್ಟರೆ ಕಾಲೇಜಿನವರು ಗಂಟೆಗಿಷ್ಟು ಎಂದು ಕೊಡುತ್ತಾರೆ. ವಾರಕ್ಕೆ ಮೂರು ಸಂಜೆ ಹೋಗುತ್ತೇನೆ, ಓದಿಗೇನೂ ತೊಂದರೆ ಇಲ್ಲ.

ಆ ಹುಡುಗಿಯ ಕಥೆ ಕೇಳಿದೆಯಲ್ಲ, ಹೇಳುತ್ತೇನೆ. ಮನೆಯಿಂದ ಮೆಸ್ಸಿಗೆಂದು ಬಂದ ಮೂರು ತಿಂಗಳ ದುಡ್ಡು, ಆರು ಸಾವಿರ, ಅದನ್ನು ದಂಡಕ್ಕೆ ಹಾಕಿದಳು. ಉಳಿದ ಒಂಬತ್ತು ಸಾವಿರಕ್ಕೆ ಫೋನಿನ ಆ್ಯಪಿನಲ್ಲಿ ಸಾಲ ತೆಗೆದಳು. ಐದು ನಿಮಿಷದಲ್ಲಿ ದುಡ್ಡು ಬಂತಂತೆ. ಈಗ ಅದು ವಾರಕ್ಕೊಮ್ಮೆ ಬೆಳೆಯುತ್ತಿದೆ. ಒಂಬತ್ತು ಇದ್ದದ್ದು ಹನ್ನೊಂದೂವರೆ ಆಗಿದೆ.

ಮೆಸ್ಸಿನ ಮ್ಯಾನೇಜರು ಬಾಕಿ ಇದ್ದವರ ಹೆಸರನ್ನು ಕೈ ತೊಳೆಯುವ ಜಾಗದ ಎದುರಿನ ಹಲಗೆಯ ಮೇಲೆ ಬರೆಯುತ್ತಾರೆ. ಎಲ್ಲರೂ ಕೈ ತೊಳೆಯುತ್ತಾ ಓದುತ್ತಾರೆ. ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದಕ್ಕೇ ಜುಲೈನಲ್ಲಿ ತಾನೇ ದುಡಿದ ಎರಡು ಸಾವಿರವನ್ನು ಮೊದಲು ಮೆಸ್ಸಿಗೆ ಕಟ್ಟಿದಳು. ಹೆಸರೂ ಅಳಿಸಲಿಲ್ಲ, ಇತ್ತ ಆ್ಯಪಿನವರು ದಂಡಬಡ್ಡಿ ಬೇರೆ ಹಾಕಿದರು. ಮಾರ್ಚ್ ಹತ್ತರೊಳಗೆ ಮೆಸ್ಸಿನದೆಲ್ಲ ತೀರಿಸಿ "ಬಾಕಿ ಇಲ್ಲ" ಎಂಬ ಚೀಟಿ ತರದಿದ್ದರೆ ಕೊನೆಯ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ. ಮೂರು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತದೆ.

ಅವಳಿಗೆ ಏನು ಹೇಳಲಿ?

ಚೂಟಿ


ಸೆಪ್ಟೆಂಬರ್ 3

ಚೂಟಿ,

ಆ ಹುಡುಗಿಗೆ ಹೇಳು, ಅವಳು ಜೇಬಿಗೆ ಪಿನ್ನು ಹಾಕಿದ್ದಾಳೆ ಅಂತ. ಹಲಗೆಯ ಮೇಲಿನ ಹೆಸರು ನಿಂತ ತೂತು. ಹರಿಯುತ್ತಿರುವುದು ಫೋನಿನ ಸಾಲ. ಮೊದಲ ಹೊಲಿಗೆ ಎಲ್ಲಿ ಹಾಕಬೇಕು ಎಂದು ನಾನು ಬೇರೆ ಹೇಳಬೇಕೇ?

ಇದರ ಜೊತೆ ಮೂರು ಸಾವಿರ ಇದೆ. ಅವಳಿಗೆ ಕೊಡು. ನನ್ನ ಹತ್ತಿರ ಸುಮ್ಮನೆ ಬಿದ್ದಿದ್ದ ದುಡ್ಡು.

ಅವಳ ತಾಯಿಗೆ ಇದೆಲ್ಲ ಗೊತ್ತಿದೆಯೇ?

ಅಮ್ಮ


ಅಕ್ಟೋಬರ್ 1

ಅಮ್ಮ,

ಮೂರು ಸಾವಿರ ವಾಪಸ್ ಕಳಿಸಿದ್ದೇನೆ. ಆ ಹುಡುಗಿ ತೆಗೆದುಕೊಳ್ಳಲಿಲ್ಲ. "ನಾನು ಒಡೆದದ್ದು, ನಾನೇ ಕಟ್ತೀನಿ" ಅಂದಳು. ತುಂಬ ಸೊಕ್ಕು. ಯಾರಿಂದ ಬಂತೋ ಗೊತ್ತಿಲ್ಲ.

ಆದರೆ ನಿನ್ನ ಮಾತು ಕೇಳಿದಳು. ಫೀಸ್ ಕೌಂಟರಿನ ಮೇಡಂ ಹತ್ತಿರ ಹೋಗಿ ಎಲ್ಲ ಬಿಚ್ಚಿ ಹೇಳಿದಳು. ಮೇಡಂ ಬೈಯಲಿಲ್ಲ. "ಒಂದು ಸಾಲ ತೀರ್ಸೋಕೆ ಇನ್ನೊಂದು ಮಾಡ್ಬೇಡ, ಅಷ್ಟು ಮಾಡು ಸಾಕು. ಮಿಕ್ಕಿದ್ದು ಬರೆದುಕೊಡೋಣ ಕೂತ್ಕೋ" ಎಂದು ಒಂದು ಅರ್ಜಿ ಬರೆಸಿದರು. ಮೆಸ್ಸಿನ ಬಾಕಿ ನಾಲ್ಕು ಸಾವಿರಕ್ಕೆ ಮಾರ್ಚ್ ತನಕ ಸಮಯ ಕೊಡಿ ಎಂದು. ಮ್ಯಾನೇಜರು ಗೊಣಗುತ್ತಾ ಸಹಿ ಹಾಕಿದರು, ಹಲಗೆಯ ಮೇಲಿನ ಹೆಸರು ತಾವೇ ಒರೆಸಿದರು. ಕೇಳಿದ್ದರೆ ಜುಲೈನಲ್ಲೇ ಒರೆಸುತ್ತಿದ್ದರೋ ಏನೋ. ಅವಳು ಕೇಳಿರಲಿಲ್ಲ. ಈಗ ಬಂದ ದುಡ್ಡೆಲ್ಲ ನೇರ ಆ್ಯಪಿನ ಸಾಲಕ್ಕೆ ಹೋಗುತ್ತಿದೆ.

ಅವಳ ತಾಯಿಗೆ ಗೊತ್ತಿಲ್ಲ. ತಾಯಿ ಒಂದು ಆಸೆ ಇಟ್ಟುಕೊಂಡಿದ್ದಾಳೆ, ಅದನ್ನು ಕೆಡಿಸಲು ಅವಳಿಗೆ ಮನಸ್ಸಿಲ್ಲ.

ಈ ಸಲ ಕೋಟಿನ ಮೇಲೆ ನಿನ್ನ ಹೊಲಿಗೆಗಳು ಉದ್ದುದ್ದ ಬಿದ್ದಿವೆ. ನೀನು ಅವಸರದಲ್ಲಿ ಹೊಲಿದಿದ್ದೀಯ. ನನಗಾಗಿ ಹೆಚ್ಚುವರಿ ಪಾಳಿ ಮಾಡುತ್ತಿದ್ದರೆ ಈಗಲೇ ನಿಲ್ಲಿಸು.

ಚೂಟಿ


ನವೆಂಬರ್ 25

ಚೂಟಿ,

ಎರಡು ತಿಂಗಳಿಂದ ಡ್ರೈವರ್ ಬರಿಗೈಯಲ್ಲಿ ಬರುತ್ತಿದ್ದಾರೆ. ಕೋಟು ಎಲ್ಲಿ? ಹರಿಯುವುದು ನಿಂತಿತೇ, ಇಲ್ಲ ಬೇರೆ ಯಾರಾದರೂ ಹೊಲಿದುಕೊಡುತ್ತಿದ್ದಾರಾ? ದುಡ್ಡು ಕೊಟ್ಟು ದರ್ಜಿಯ ಹತ್ತಿರ ಹೊಲಿಸುತ್ತಿದ್ದರೆ ಹೇಳಿಬಿಡು, ನಾನು ಸೂಜಿ ಡಬ್ಬಿ ಮುಚ್ಚಿಡುತ್ತೇನೆ.

ಪಾಳಿ ಗೀಳಿ ಏನೂ ಇಲ್ಲ. ನನ್ನ ಹೊಲಿಗೆ ಎಂದಿನಂತೆಯೇ ಇದೆ.

ಬ್ಯಾಡ್ಜಿನ ಪಿನ್ನಿಗೆ ಅಷ್ಟು ಸಣ್ಣ ತೂತು ಬೀಳುವುದಿಲ್ಲ. ನಾನು ಮರೆತಿಲ್ಲ.

ಅಮ್ಮ


ಜನವರಿ 14

ಅಮ್ಮ,

ನಿನ್ನ ಕಾಗದದ ಅಕ್ಷರ ಎಂದೂ ಇಲ್ಲದಷ್ಟು ದೊಡ್ಡದಾಗಿತ್ತು. ಕೂಗಿ ಬೈದ ಹಾಗಿತ್ತು. ಉತ್ತರ ಬರೆಯಲು ಧೈರ್ಯ ಬಂದದ್ದು ಇವತ್ತು. ಇದೊಂದೇ ಹಾಳೆ ಇದೆ, ಸಣ್ಣಗೆ ಎರಡೂ ಬದಿ ಬರೆಯುತ್ತೇನೆ.

ಲೆನ್ಸು ಒಡೆದವಳು ನಾನು. ನಿನಗೆ ಯಾವಾಗಲೋ ಗೊತ್ತಾಗಿರಬೇಕು, ಆದರೂ ನನ್ನ ಬಾಯಲ್ಲಿ ಬರಬೇಕಿತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಕೊಳವೆ ತೊಳೆದು ಬರುವ ದುಡ್ಡು ಬಡ್ಡಿಗೇ ಸಾಲುತ್ತಿರಲಿಲ್ಲ. ಜುಲೈ ಮೊದಲ ವಾರ ಪಕ್ಕದ ಕೋಣೆಯವಳ ಕೋಟಿನ ತೋಳಿಗೆ ಆಸಿಡ್ ಬಿದ್ದು ತೂತಾಯಿತು. ಹೊಸ ಕೋಟಿಗೆ ಆರು ನೂರು. ಅವಳು ಅಳುತ್ತಿದ್ದಳು. ನಾನು ಸೂಜಿ ತೆಗೆದುಕೊಂಡೆ. ನೀನು ಕಲಿಸಿಲ್ಲ, ನಿಜ. ಆದರೆ ಹತ್ತು ವರ್ಷ, ದಿನಾ ಸಂಜೆ ಶಾಲೆ ಬಿಟ್ಟ ಮೇಲೆ, ನಿನ್ನ ಮೇಜಿನ ಪಕ್ಕ ಕೂತು ಪಾಠ ಓದಿದವಳು ನಾನು. ಪುಸ್ತಕ ಒಂದನ್ನೇ ನೋಡುತ್ತಿದ್ದೆ ಎಂದುಕೊಂಡೆಯಾ?

ಮರುದಿನ ಇನ್ನೊಬ್ಬಳು ಬಂದಳು. ತಿಂಗಳೊಳಗೆ ಹಾಸ್ಟೆಲಿನ ಇಸ್ತ್ರಿ ಮೂಲೆಯಲ್ಲಿ ನನ್ನದೊಂದು ಸ್ಟೂಲು ಬಿತ್ತು. ಗುಂಡಿಗೆ ಹತ್ತು, ಜೇಬಿಗೆ ಮೂವತ್ತು, ಆಸಿಡ್ ತೂತಿಗೆ ಐವತ್ತು. ಸಂಜೆ ಐದರಿಂದ ಏಳು. ಏಳಾದ ಮೇಲೆ ಪ್ರಿನ್ಸಿಪಾಲರ ಕೋಟು ಬಂದರೂ ನಾಳೆ ಬನ್ನಿ ಅನ್ನುತ್ತೇನೆ, ಓದಬೇಕಲ್ಲ. "ಹೊಲಿಗೆ ಡಾಕ್ಟರು" ಅನ್ನುತ್ತಾರೆ ನನ್ನನ್ನು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಈವರೆಗೆ ನೂರ ಎಪ್ಪತ್ತು ಕೋಟು ಹೊಲಿದಿದ್ದೇನೆ, ವಾಪಸ್ ಬಂದದ್ದು ಎರಡು.

ಫೋನಿನ ಸಾಲ ಡಿಸೆಂಬರ್ ಮೂವತ್ತಕ್ಕೆ ತೀರಿತು. ಒಂಬತ್ತು ಸಾವಿರಕ್ಕೆ ಹದಿನಾಲ್ಕು ಸಾವಿರದ ಎಂಟು ನೂರು ಕಟ್ಟಿದ್ದೇನೆ. ಆ ಆ್ಯಪನ್ನು ಅಳಿಸಿದಾಗ ಅಂಗೈ ಬೆವರಲಿಲ್ಲ. ಇನ್ನು ಮೆಸ್ಸಿನ ನಾಲ್ಕು ಸಾವಿರ ಉಳಿದಿದೆ.

ಎದೆಯ ಪಟ್ಟಿಯ ತೂತು ಯಾವ ಹುಡುಗನೂ ಕೊಟ್ಟದ್ದಲ್ಲ. ನಿನ್ನ ಏಪ್ರನ್ನಿನ ಎಡಗಡೆ ಒಮ್ಮೆ ಮುಟ್ಟಿ ನೋಡಿಕೋ. ಕೆಲಸದ ನಡುವೆ ನೀನು ಸೂಜಿ ಎಲ್ಲಿ ಚುಚ್ಚಿಡುತ್ತೀಯೋ ನಾನೂ ಅಲ್ಲೇ ಚುಚ್ಚಿಡುತ್ತೇನೆ.

ನಿನ್ನ ಮಾತು ಮುರಿದೆ. ಬೈದು ಬರೆ, ಆದರೆ ಬರೆ.

ಚೂಟಿ


ಫೆಬ್ರವರಿ 18

ಅಮ್ಮ,

ಒಂದು ತಿಂಗಳಾಯಿತು, ಉತ್ತರ ಇಲ್ಲ. ಫೋನು ಮಾಡಿದರೆ ಕೆಲಸದಲ್ಲಿದ್ದಾರೆ ಎನ್ನುತ್ತಾರೆ. ನನ್ನ ಮುಖ ನೋಡುವುದೂ ಬೇಡವಾಯಿತು ನಿನಗೆ ಎಂದುಕೊಂಡಿದ್ದೆ.

ನಿನ್ನೆ ಡ್ರೈವರ್ ಮಾವನನ್ನು ನಿಲ್ಲಿಸಿ ಕೇಳಿದೆ. "ಸಿಟ್ಟೂ ಇಲ್ಲ ಏನೂ ಇಲ್ಲ ಕಣಮ್ಮ. ನಿನ್ನ ಕಾಗದ ಕೊಟ್ಟೆ, ಹತ್ರ ಹಿಡಿದ್ರು, ದೂರ ಹಿಡಿದ್ರು, ಕಿಟಕಿ ಹತ್ರ ಹೋದ್ರು. ನಾನು ಓದ್ಲಾ ಅಂದೆ. ನನ್ನ ಮಗಳ ಕಾಗದ ನಿಮಗ್ಯಾಕೆ ಅಂದು ಮಡಚಿ ಇಟ್ಕೊಂಡ್ರು. ಸೂಜಿಗೆ ದಾರ ಹಾಕೋಕೂ ಈಗ ಪಕ್ಕದ ಮೇಜಿನವಳೇ ಬರ್ಬೇಕು" ಅಂದರು.

ಅದಕ್ಕೇ ಈ ಕಾಗದ ಹೀಗೆ ದೊಡ್ಡಕ್ಷರದಲ್ಲಿ ಬರೆದಿದ್ದೇನೆ. ಆ ಮೂರು ಸಾವಿರ ಕನ್ನಡಕದ ದುಡ್ಡು ತಾನೇ? ಸುಮ್ಮನೆ ಬಿದ್ದಿದ್ದದ್ದಂತೆ. ನಿನ್ನ ಉದ್ದ ಹೊಲಿಗೆ ಅವಸರದ್ದು ಎಂದುಕೊಂಡ ನಾನೊಬ್ಬಳು ಪೆದ್ದಿ.

ನಾಳೆಯೇ ಹೋಗಿ ಕನ್ನಡಕ ಮಾಡಿಸಿಕೋ. ಆಮೇಲೆ ಜನವರಿಯ ಕಾಗದ ಓದು.

ಚೂಟಿ


ಮಾರ್ಚ್ 1

ಚೂಟಿ,

ಕನ್ನಡಕ ಬಂತು. ವಾಪಸ್ ಬಂದ ಆ ಮೂರು ಸಾವಿರವನ್ನು ನಿನಗೇ ಬೇಕಾದೀತು ಎಂದು ಇಷ್ಟು ದಿನ ಮುಟ್ಟಿರಲಿಲ್ಲ. ಮೇಲ್ವಿಚಾರಕಿಯ ಮುಖದಲ್ಲಿ ಇಷ್ಟು ಸುಕ್ಕುಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಆಕೆಗೆ ನನ್ನವು ಮೊದಲಿನಿಂದಲೂ ಕಾಣುತ್ತಿದ್ದಿರಬೇಕು.

ಜನವರಿಯ ಕಾಗದ ಓದಿದೆ. ಎರಡು ಸಲ. ಲೆನ್ಸು ಒಡೆದವಳು ನೀನೆಂದು ನಿನ್ನ ಜೂನ್ ಕಾಗದದಲ್ಲೇ ಗೊತ್ತಾಗಿತ್ತು. ನೀನು ಯಾರನ್ನೂ ಪಾಪ ಅನ್ನುವವಳಲ್ಲ. ಆ್ಯಪಿನ ವಿಷಯ ತಿಳಿದಾಗಲೂ ನೀನಾಗಿ ಹೇಳಲಿ ಎಂದು ಕಾದೆ.

ಸೂಜಿಯ ವಿಷಯ ಮಾತ್ರ ಗೊತ್ತಾಗಲಿಲ್ಲ. ಓದಿದ ಮೇಲೆ ಏಪ್ರನ್ನಿನ ಎಡಗಡೆ ನೋಡಿಕೊಂಡೆ. ಹತ್ತೊಂಬತ್ತು ವರ್ಷದಿಂದ ನನ್ನ ಎದೆಯ ಮೇಲಿದ್ದ ತೂತನ್ನು ನಿನ್ನ ಎದೆಯ ಮೇಲೆ ಕಂಡು ಯಾವುದೋ ಹುಡುಗನ ಮೇಲೆ ಹಾಕಿದೆನಲ್ಲ. ನಿನ್ನ ಕೈಯಲ್ಲಿ ಸೂಜಿ ಇರಬಾರದು ಎಂದು ಅಷ್ಟು ಗಟ್ಟಿಯಾಗಿ ಅಂದುಕೊಂಡಿದ್ದೆ.

ಸಿಟ್ಟಿದೆ. ಎಷ್ಟಿದೆ ಎಂದು ಈಗಲೇ ಹೇಳುವುದಿಲ್ಲ. ಮೊದಲು ನೀನು ಹೊಲಿದ ಒಂದು ಕೋಟು ಕಳಿಸು. ನೋಡಿ ಮಾತಾಡುತ್ತೇನೆ.

ಅಮ್ಮ


ಮಾರ್ಚ್ 9

ಅಮ್ಮ,

ಇವತ್ತು ಬೆಳಿಗ್ಗೆ ಮೆಸ್ಸಿನ ಕೊನೆಯ ಒಂಬೈನೂರು ಕಟ್ಟಿದೆ. ಎಲ್ಲ ಹತ್ತರ, ಐವತ್ತರ ನೋಟು. ಮ್ಯಾನೇಜರು ಎಣಿಸಿ ಎಣಿಸಿ ಸುಸ್ತಾದರು. "ಏನಮ್ಮ, ಹುಂಡಿ ಒಡ್ದಿದ್ಯಾ?" ಅಂದರು. "ಇಲ್ಲ ಸರ್, ದುಡ್ದಿದ್ದು" ಅಂದೆ. ಫೀಸ್ ಕೌಂಟರಿನ ಮೇಡಂ ಎದ್ದು ನಿಂತು "ಬಾಕಿ ಇಲ್ಲ" ಚೀಟಿಗೆ ಮುದ್ರೆ ಒತ್ತಿದರು. ಅವರು ಎದ್ದು ನಿಂತದ್ದು ಯಾಕೆ ಎಂದು ಕೇಳಲಿಲ್ಲ.

ಹಾಲ್ ಟಿಕೆಟ್ ಕೈಗೆ ಬಂದಿದೆ. ಸಂಘದ ಸಾಲ ಇನ್ನೂ ಇದೆ, ಆದರೆ ಅದು ನಿಂತ ತೂತು. ಕೆಲಸ ಸಿಕ್ಕ ತಿಂಗಳಿಂದ ಅದರ ಕಂತು ನನ್ನದು, ನೀನು ಮಧ್ಯೆ ಬರಬೇಡ.

ಕೋಟು ಕಳಿಸುತ್ತಿದ್ದೇನೆ. ಎಡಗಡೆ ಜೇಬು ಬುಡದಿಂದ ಹರಿದಿತ್ತು, ನಾನೇ ಹೊಲಿದೆ. ಒಳಗೆ ಗುರುತು ಹಾಕಿದ್ದೇನೆ. ನೀಲಿ ದಾರವೇ, ಆದರೆ ಒಂದೇ ಅಡ್ಡಹೊಲಿಗೆ. ಮೂರು ಹಾಕಲು ಇನ್ನೂ ಹದಿನೆಂಟು ವರ್ಷ ಬೇಕು. ಚೀಟಿಯ ನಕಲು ಆ ಜೇಬಿನಲ್ಲೇ ಇದೆ.

ಚೂಟಿ


ಮಾರ್ಚ್ 22

ಚೂಟಿ,

ಕೋಟು ಬಂದ ದಿನ ಊಟದ ಬಿಡುವಿನಲ್ಲಿ ಕಿಟಕಿಯ ಬಳಿ ಕೂತು ಜೇಬನ್ನು ಒಳಹೊರಗು ಮಾಡಿದೆ. ಬಿಚ್ಚಿ ಮತ್ತೆ ಹೊಲಿದುಬಿಡೋಣ ಎಂದೇ ಕತ್ತರಿ ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಹೊಸಬರು ಹೊಲಿದದ್ದನ್ನು ಬಿಚ್ಚುವುದು ನನಗೆ ಅಭ್ಯಾಸ. ದಾರದ ತುದಿ ಹುಡುಕಿದೆ. ಕನ್ನಡಕ ಹಾಕಿಕೊಂಡು ಹುಡುಕಿದೆ, ಕನ್ನಡಕ ತೆಗೆದಿಟ್ಟು ಬೆರಳಿನಲ್ಲಿ ಹುಡುಕಿದೆ. ಎಲ್ಲಿ ಅಡಗಿಸಿದ್ದೀಯೋ, ಸಿಗಲಿಲ್ಲ. ಊಟದ ಬಿಡುವು ಮುಗಿಯಿತು, ಊಟ ಹಾಗೇ ಉಳಿಯಿತು.

ಮೇಲ್ವಿಚಾರಕಿ ಬಂದು ಜೇಬು ಹಿಡಿದು ನೋಡಿದರು. "ಇದು ನಿಮ್ಮ ಕೆಲಸಾನೇ ಅಲ್ವಾ?" ಅಂದರು.

"ಅಲ್ಲ. ನನ್ನ ಮಗಳದು" ಅಂದೆ.

"ಅವಳು ಲ್ಯಾಬ್ ಓದ್ತಿರೋದಲ್ವಾ?"

"ಅದೂ ಓದ್ತಾಳೆ" ಅಂದೆ.

ಸೂಜಿ ಹಿಡಿದರೆ ನೀನು ನನ್ನಂತೆ ಇಲ್ಲೇ ಉಳಿದುಬಿಡುತ್ತೀಯ ಎಂದು ಹೆದರಿದ್ದೆ. ನೀನು ಅದನ್ನೇ ಹಿಡಿದು ದಾಟಿಕೊಂಡೆ. ನನ್ನ ಕೆಲಸದ ಬಗ್ಗೆ ನನಗಿದ್ದ ಹೆಮ್ಮೆಯೊಳಗೆ ಒಂದು ಚೂರು ನಾಚಿಕೆಯೂ ಇತ್ತು, ಯಾರಿಗೂ ಹೇಳಿರಲಿಲ್ಲ. ಈಗ ಇಲ್ಲ. ಸಿಟ್ಟು ಎಷ್ಟಿದೆ ಎಂದು ಬರೆಯುತ್ತೇನೆ ಎಂದಿದ್ದೆನಲ್ಲ, ಹುಡುಕಿದೆ, ಅದೂ ಸಿಗಲಿಲ್ಲ.

ಚೀಟಿಯ ನಕಲನ್ನು ವಾಪಸ್ ಕಳಿಸುವುದಿಲ್ಲ. ಮೇಲ್ವಿಚಾರಕಿಯ ಮೇಜಿನ ಗಾಜಿನ ಕೆಳಗೆ, ಫೋನಿನ ಪಕ್ಕದಲ್ಲೇ ಇಟ್ಟಿದ್ದೇನೆ. ಫೋನಿಗೆ ಬಂದವರೆಲ್ಲ ಓದಲಿ.

ಕೋಟು ಒಗೆದು ಇಸ್ತ್ರಿ ಹಾಕಿದ್ದೇನೆ. ಪರೀಕ್ಷೆಗೆ ಇದನ್ನೇ ಹಾಕಿಕೊಂಡು ಹೋಗು. ಜೇಬಿಗೆ ಕೈ ಹಚ್ಚಿಲ್ಲ, ನಿನ್ನ ಗುರುತಿನ ಪಕ್ಕ ನನ್ನದನ್ನು ಹಾಕಿಲ್ಲ. ಎಂದಾದರೂ ಬಿಟ್ಟುಕೊಂಡರೆ ಅದು ನನ್ನ ಬಳಿಗೆ ಬರುವುದು ಬೇಡ, ನಿನ್ನ ಬಳಿಗೇ ಬರಲಿ.

ಅಮ್ಮ